ಅಂಡರ್‌ಕಟ್ ಸ್ಟೇಕ್ ಚಪ್ಪಲಿ ಆಗಬಾರದಿದ್ದರೆ: ಎರಡು ಒಲೆಯ ಅಡುಗೆಮನೆಗೆ ಸಮಗ್ರ ಮಾರ್ಗದರ್ಶಿ

ಗೋವಾದ ವಾಸ್ಕೋ, ಮಡಗಾಂವ್, ಮಾಪ್ಸಾ ಕಡೆಯ ನಮ್ಮ ಹುಡುಗರು ಕಳಿಸುವ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ತಟ್ಟೆಯಲ್ಲಿ ಅಂಡರ್‌ಕಟ್ (ಬೆನ್ನಿನ ಒಳಬದಿಯ ಮೆತ್ತನೆ ಮಾಂಸ) ಸ್ಟೇಕಿನ ಬೂದಿ ಬಣ್ಣದ ಒಂದು ತುಂಡು, ಅದರ ಸುತ್ತ ನೀರು, ಕೆಳಗೆ ಒಂದು ಸಾಲು: "ಯೂಟ್ಯೂಬ್‌ನ್ಯಾಗ ತೋರಿಸಿದಂಗ ಮಾಡೇನಿ ಅಣ್ಣಾ, ಚಪ್ಪಲಿ ಆಗೇತಿ."

ವಿಡಿಯೋದಲ್ಲಿ ತೋರಿಸುವುದು ಬೇರೆ ಮಾಂಸ. ಅದರೊಳಗೆ ಕೊಬ್ಬಿನ ಬಿಳಿ ಎಳೆಗಳು ಹರಡಿಕೊಂಡಿರುತ್ತವೆ. ಎರಡು ನಿಮಿಷ ಹೆಚ್ಚು ಬೆಂದರೂ ಆ ಕೊಬ್ಬು ಕಾಪಾಡುತ್ತದೆ. ನಮಗೆ ಇಲ್ಲಿ ಸಿಗುವುದು ಹೆಚ್ಚಾಗಿ ಎಮ್ಮೆ, ಕೋಣದ ಮಾಂಸ. ಒಳಗೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ತಪ್ಪು ಮಾಡಿದರೆ ತಡೆದುಕೊಳ್ಳುವುದಿಲ್ಲ. ಮುಂಬೈ, ಪುಣೆಯವರಿಗೂ ಇದೇ ಲೆಕ್ಕ: ಮಹಾರಾಷ್ಟ್ರದಲ್ಲಿ 2015ರಿಂದ ಹೋರಿ, ಎತ್ತುಗಳ ವಧೆಗೂ ನಿಷೇಧವಿದೆ, ಅಂಗಡಿಯಲ್ಲಿ ಸಿಗುವುದು ಎಮ್ಮೆ-ಕೋಣದ್ದೇ.

ಇನ್ನೊಂದು ಕಾರಣ, ಮತ್ತು ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ, ಕೆಲಸದ ಸರದಿ. ಬಹುತೇಕರು ಮೊದಲು ಸ್ಟೇಕ್ ಸುಟ್ಟು ಆಮೇಲೆ ಆಲೂಗಡ್ಡೆ ಬೇಯಲು ಇಡುತ್ತಾರೆ. ಸ್ಟೇಕ್ ಒಲೆಗೆ ಹೋಗಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಅಳತೆ ನಾಲ್ಕು ಜನರಿಗೆ.

ಮೊದಲು ಸಾಮಾನು

ದಪ್ಪ ತಳದ ಕಬ್ಬಿಣದ ಹಂಚು ಇಲ್ಲವೇ ಬೀಡಿನ ಕಾವಲಿ ಬೇಕೇಬೇಕು. ಉತ್ತರ ಕರ್ನಾಟಕದವರ ಮನೆಯಲ್ಲಿರುವ ರೊಟ್ಟಿ ಹಂಚು ಕಬ್ಬಿಣದ್ದಾದರೆ ನಡೆಯುತ್ತದೆ. ಮಣ್ಣಿನದಾದರೆ ಮುಟ್ಟಬೇಡಿ, ಬಿರುಕು ಬಿಡುತ್ತದೆ. ನಾನ್‌ಸ್ಟಿಕ್ ತವಾ ಬೇಡ. 260 ಡಿಗ್ರಿ ದಾಟಿದರೆ ಅದರ ಲೇಪ ಹಾಳಾಗಿ ಕೆಟ್ಟ ಹೊಗೆ ಬಿಡತೊಡಗುತ್ತದೆ, ಖಾಲಿ ತವಾ ದೊಡ್ಡ ಉರಿಯಲ್ಲಿ ಆ ಶಾಖ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ದೋಸೆಯ ಕಾವಲಿಯನ್ನೇ ಬಳಸುವವರಿಗೆ ಒಂದು ಮಾತು. ಮಾಂಸದ ಜಿಡ್ಡು, ವಾಸನೆ ಅದಕ್ಕೆ ಹಿಡಿಯುತ್ತದೆ, ಮರುದಿನ ದೋಸೆ ಸಲೀಸಾಗಿ ಏಳುವುದಿಲ್ಲ. ಊರಿನಿಂದ ಅಮ್ಮ ಬಂದಾಗ ಆಗುವ ವಿಚಾರಣೆ ಬೇರೆ. ಇದಕ್ಕೆಂದೇ ಒಂದು ಹಂಚು ಇಟ್ಟುಬಿಡಿ.

ಇನ್ನುಳಿದಂತೆ ಒಂದು ಇಕ್ಕಳ, ಸಾಣೆ ಹಿಡಿದ ಚಾಕು, ಕೊಯ್ಯುವ ಮಣೆ, ತಟ್ಟೆಯ ಮೇಲೆ ಕೂರುವ ಸ್ಟೀಲ್ ಜಾಲರಿ, ಮೆಣಸು ಜಜ್ಜಲು ಕುಟ್ಟಾಣಿ. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ, ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಕೂಡ ಇರಲಿ. ಅದರ ದುಡ್ಡು ಎರಡನೇ ಸಲಕ್ಕೇ ವಸೂಲಾಗುತ್ತದೆ, ಏಕೆಂದರೆ ಅಷ್ಟರಲ್ಲಿ ನೀವು ಒಂದು ಕಿಲೋ ಮಾಂಸವನ್ನಾದರೂ ಉಳಿಸಿರುತ್ತೀರಿ.

ಹಂತ 1: ಅಂಗಡಿಯಲ್ಲಿ

ಕೇಳಬೇಕಾದ ಪದ "ಅಂಡರ್‌ಕಟ್". ಟೆಂಡರ್‌ಲಾಯಿನ್, ಫಿಲೆ ಎಂದೆಲ್ಲ ಹೇಳಿದರೆ ಕೆಲವು ಅಂಗಡಿಯಲ್ಲಿ ಮುಖ ನೋಡುತ್ತಾರೆ. ಅಂಡರ್‌ಕಟ್ ಎಂದರೆ ಗೋವಾದಲ್ಲೂ ಮುಂಬೈಯಲ್ಲೂ ತಿಳಿಯುತ್ತದೆ. ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡಿರುವ, ಪ್ರಾಣಿ ನಡೆಯುವಾಗ ಹೆಚ್ಚು ದುಡಿಯದ ಸ್ನಾಯು ಅದು, ಅದಕ್ಕೇ ಮೆತ್ತಗೆ. ಒಂದು ಪ್ರಾಣಿಯಲ್ಲಿ ಎರಡೇ ಪಟ್ಟಿ ಇರುವುದರಿಂದ ಬೆಳಗ್ಗೆ ಬೇಗ ಹೋಗಬೇಕು, ಇಲ್ಲವೇ ಹಿಂದಿನ ದಿನವೇ ಹೇಳಿಟ್ಟಿರಬೇಕು.

ಒಂದು ಕಿಲೋಗೆ ಸ್ವಲ್ಪ ಮೇಲೆಯೇ ಇಡಿಯಾಗಿ ತೆಗೆದುಕೊಳ್ಳಿ. ಪೊರೆ, ತುಣುಕು ಹೋಗಿ ಸುಮಾರು 800 ಗ್ರಾಂ ಕೈಗೆ ಸಿಗುತ್ತದೆ. "ಸ್ಟೇಕಿಗೆ" ಎಂದು ಬಾಯಿ ಬಿಟ್ಟರೆ ಅಂಗಡಿಯವರು ಅರ್ಧ ಬೆರಳ ದಪ್ಪಕ್ಕೆ ಕೊಯ್ದು ಕತ್ತಿಯ ಹಿಂಬದಿಯಿಂದ ಬಡಿದು ಚಪ್ಪಟೆ ಮಾಡಿಕೊಟ್ಟುಬಿಡುತ್ತಾರೆ. ಈರುಳ್ಳಿ ಹಾಕಿ ಹುರಿಯುವ ಗೋವಾದ ಮನೆ ಸ್ಟೇಕಿಗೆ ಅದು ಸರಿ, ನಮ್ಮ ಇವತ್ತಿನ ಕೆಲಸಕ್ಕೆ ಸರಿಯಲ್ಲ. ಕೊಯ್ಯಬೇಡಿ, ಬಡಿಯಬೇಡಿ ಎಂದು ಮೊದಲೇ ಹೇಳಿ.

ಕೋಣದ ಮಾಂಸ ಕಡುಗೆಂಪು, ಕೆಲವೊಮ್ಮೆ ಕಂದಿನ ಹತ್ತಿರದ ಬಣ್ಣ. ಅದಕ್ಕೆ ಹೆದರಬೇಡಿ. ಕೊಯ್ದ ಮೈಮೇಲೆ ಎಣ್ಣೆಪೊರೆಯಂತೆ ಹಸಿರು-ನೀಲಿ ಹೊಳಪು ಕಂಡರೂ ಅದೊಂದೇ ಕಾರಣಕ್ಕೆ ಹಾಳಾಗಿದೆ ಎನ್ನಲಾಗದು, ಬೆಳಕು ಎಳೆಗಳ ಮೇಲೆ ಬಿದ್ದಾಗ ಹಾಗೆ ಕಾಣುತ್ತದೆ. ಬೆರಳಿಗೆ ಲೋಳೆ ಹತ್ತಿದರೆ, ಹುಳಿ ವಾಸನೆ ಬಂದರೆ ಮಾತ್ರ ಅಲ್ಲೇ ಬಿಟ್ಟು ಬನ್ನಿ, ಪರಿಚಯದ ಅಂಗಡಿಯಾದರೂ.

ಹಂತ 2: ಫ್ರಿಜ್ಜಿನಲ್ಲಿ ಎರಡು ದಿನ

ಬೆಳಗ್ಗೆ ಕಡಿದದ್ದನ್ನು ಸಂಜೆಗೇ ಬೇಯಿಸುವುದು ನಮ್ಮ ರೂಢಿ. ಸಾರಿಗೆ ಅದು ಒಳ್ಳೆಯದೇ. ಸ್ಟೇಕಿಗೆ ಅದೇ ಮುಳುವು. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಬಿಗಿಯುತ್ತದೆ. ಆ ಬಿಗಿತ ಸಡಿಲವಾಗಿ, ಮಾಂಸದೊಳಗಿನ ಕಿಣ್ವಗಳು ಎಳೆಗಳನ್ನು ಮೆತ್ತಗೆ ಮಾಡಲು ತಂಪಿನಲ್ಲಿ ಸಮಯ ಬೇಕು. ಭಾನುವಾರ ರಾತ್ರಿಯ ಊಟಕ್ಕೆ ಶುಕ್ರವಾರವೇ ತನ್ನಿ.

ತೊಳೆಯಬೇಡಿ. ಅರಿಶಿನ ಹಚ್ಚಿ ನಾಲ್ಕು ಸಲ ತೊಳೆದರೇ ಸಮಾಧಾನ ಎನ್ನುವವರು ನನಗೆ ಗೊತ್ತು, ನಮ್ಮ ಮನೆಯಲ್ಲೂ ಹಾಗೇ. ನೀರಿನಿಂದ ಕ್ರಿಮಿ ಸಾಯುವುದಿಲ್ಲ, ಸಿಂಕಿನ ಸುತ್ತ ಸಿಡಿಯುತ್ತದೆ, ಮಾಂಸ ಒದ್ದೆಯಾಗುತ್ತದೆ. ಮೂಳೆಯ ಚೂರು ಅಂಟಿದ್ದರೆ ಒದ್ದೆ ಬಟ್ಟೆಯಿಂದ ತೆಗೆದರೆ ಸಾಕು. ಜಾಲರಿಯ ಮೇಲಿಟ್ಟು, ಕೆಳಗೆ ತಟ್ಟೆ ಕೊಟ್ಟು, ಫ್ರಿಜ್ಜಿನ ತೀರ ಕೆಳಗಿನ ಅಂಕಣದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತನ್ನದೇ ನೀರಿನಲ್ಲಿ ನೆನೆಯುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗುವ ಊರು ನಮ್ಮದು. ನಾಲ್ಕು ಗಂಟೆಗಿಂತ ಹೆಚ್ಚು ಫ್ರಿಜ್ ಬಂದ್ ಆಗಿದ್ದರೆ ಆ ಮಾಂಸದ ಆಸೆ ಬಿಡಿ. ಫ್ರೀಜರಿನಲ್ಲಿಟ್ಟದ್ದಾದರೆ ಹಿಂದಿನ ರಾತ್ರಿಯೇ ಕೆಳಗಿಳಿಸಿ ಕರಗಲು ಬಿಡಿ, ಬಿಸಿನೀರಿನಲ್ಲಿ ಅದ್ದಬೇಡಿ.

ಹಂತ 3: ಪೊರೆ ತೆಗೆದು ಕೊಯ್ಯುವುದು

ಶನಿವಾರ ರಾತ್ರಿಯ ಕೆಲಸ ಇದು. ಅಂಡರ್‌ಕಟ್ಟಿನ ಮೇಲೆ ಬೆಳ್ಳಿಯಂತೆ ಹೊಳೆಯುವ ಗಟ್ಟಿ ಪೊರೆ ಇರುತ್ತದೆ. ಏಳು ನಿಮಿಷದ ಬೇಯುವಿಕೆಯಲ್ಲಿ ಅದು ಕರಗುವುದಿಲ್ಲ. ಬಿಸಿಗೆ ಸೆಟೆದು ಸ್ಟೇಕನ್ನು ದೋಣಿಯ ಹಾಗೆ ಬಗ್ಗಿಸುತ್ತದೆ, ಹಲ್ಲಿಗೆ ರಬ್ಬರಿನಂತೆ ಸಿಕ್ಕುತ್ತದೆ. ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ, ಅಲಗನ್ನು ತುಸು ಮೇಲ್ಮುಖ ಮಾಡಿ, ಪೊರೆಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆಯುತ್ತಾ ಜಾರಿಸಿ. ಮೀನಿನ ಚರ್ಮ ಬಿಡಿಸಿ ಗೊತ್ತಿರುವವರಿಗೆ ಕೈ ತಾನೇ ಓಡುತ್ತದೆ.

ಆಮೇಲೆ ಅಡ್ಡಲಾಗಿ ಮೂರು ಸೆಂಟಿಮೀಟರ್, ಅಂದರೆ ಸುಮಾರು ಎರಡು ಬೆರಳ ದಪ್ಪಕ್ಕೆ ಕೊಯ್ಯಿರಿ. ನಾಲ್ಕು ತುಂಡು, ಒಂದೊಂದು 180ರಿಂದ 200 ಗ್ರಾಂ. ಬಾಲದ ಕಡೆಯ ತೆಳು ತುದಿಯನ್ನು ಬೇರೆ ಇಟ್ಟುಕೊಳ್ಳಿ, ಅದು ನಾಳೆಯ ಪಲ್ಯಕ್ಕೆ.

ಹಸಿ ಪಪ್ಪಾಯಿ ಹಚ್ಚಬೇಕೇ ಎಂದು ಪ್ರತಿ ಸಲ ಕೇಳುತ್ತಾರೆ. ಅಂಡರ್‌ಕಟ್ಟಿಗೆ ಬೇಡ. ಪಪ್ಪಾಯಿಯ ಕಿಣ್ವ ಒಳಗೆ ಇಳಿಯುವುದಿಲ್ಲ, ಮೇಲಿನ ಪದರವನ್ನು ಮಾತ್ರ ಮುದ್ದೆ ಮಾಡುತ್ತದೆ. ಹೊರಗೆ ಹಿಟ್ಟು, ಒಳಗೆ ಇದ್ದಂತೆಯೇ.

ಹಂತ 4: ಉಪ್ಪು ಹಚ್ಚುವುದು, ಒಣಗಿಸುವುದು

ಇಡೀ ಅಡುಗೆಯ ಗುಟ್ಟು ಇರುವುದು ಇಲ್ಲಿ, ಜನ ಓಡಿಸಿಕೊಂಡು ಹೋಗುವುದೂ ಇದೇ ಹಂತವನ್ನು.

ಒಂದು ತುಂಡಿಗೆ ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಪುಡಿ ಉಪ್ಪು, ಸುಮಾರು ಎರಡು ಗ್ರಾಂ, ಎಲ್ಲ ಬದಿಗೂ ಹಚ್ಚಿ ಜಾಲರಿಯ ಮೇಲೆ ಮುಚ್ಚದೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಿ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲಿ ತಾನೇ ಕರಗುತ್ತದೆ, ಮುಕ್ಕಾಲು ಗಂಟೆಯ ಮೇಲೆ ಆ ಉಪ್ಪುನೀರು ನಿಧಾನಕ್ಕೆ ಮಾಂಸದೊಳಗೆ ವಾಪಸ್ ಇಳಿಯತೊಡಗುತ್ತದೆ. ಅದಕ್ಕೇ ಉಪ್ಪು ಹಾಕಿ ಹತ್ತು ಹದಿನೈದು ನಿಮಿಷಕ್ಕೆ ಬೇಯಿಸುವುದು ಅತಿ ಕೆಟ್ಟ ಹೊತ್ತು: ನೀರು ಹೊರಗೆ ಬಂದಿದೆ, ಒಳಗೆ ಹೋಗಿಲ್ಲ. ರಾತ್ರಿ ಮರೆತಿದ್ದರೆ ಹಂಚಿಗೆ ಹಾಕುವ ಕ್ಷಣದಲ್ಲೇ ಉಪ್ಪು ಹಾಕಿ. ನಡುವಿನದು ಬೇಡ.

ಬೇಯಿಸುವ ಮೊದಲು ಒಣ ಬಟ್ಟೆಯಿಂದ ಒತ್ತಿ ಒರೆಸಿ, ತೃಪ್ತಿಯಾದ ಮೇಲೆ ಇನ್ನೊಮ್ಮೆ ಒರೆಸಿ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಘಮ ಬರಲು ಅದರ ಮೈ 140 ಡಿಗ್ರಿಯಾದರೂ ಮುಟ್ಟಬೇಕು. ಮೈಮೇಲೆ ನೀರು ಇರುವವರೆಗೆ ಶಾಖ ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಲ್ಲಿಯವರೆಗೆ ನಡೆಯುವುದು ಸುಡುವುದಲ್ಲ, ಕುದಿಯುವುದು. ಫೋಟೋದಲ್ಲಿ ಕಾಣುವ ಬೂದಿ ಬಣ್ಣಕ್ಕೆ ಇದೇ ಕಾರಣ. ಜುಲೈ ತಿಂಗಳ ಗೋವಾದಲ್ಲಿ ಒಗೆದ ಅಂಗಿಯೇ ಮೂರು ದಿನ ಒಣಗುವುದಿಲ್ಲ, ಮಾಂಸ ಹೊರಗಿಟ್ಟರೆ ಒಣಗೀತೆ? ಫ್ರಿಜ್ಜಿನಿಂದ ನೇರ ಹಂಚಿಗೆ ಹಾಕಿದರೂ ಏನೂ ಕೆಡುವುದಿಲ್ಲ.

ಮೆಣಸಿನ ಪುಡಿ, ಬೆಳ್ಳುಳ್ಳಿ, ಗೋವಾದ ಕೆಂಪು ರೆಶಾದ್ ಮಸಾಲೆ ಈಗ ಹಚ್ಚಬೇಡಿ. ಬಾಂಗಡೆಗೆ ಸರಿಹೋಗುವ ಮಸಾಲೆ ಈ ಶಾಖಕ್ಕೆ ಕರಕಲಾಗಿ ಕಹಿಯಾಗುತ್ತದೆ.

ಹಂತ 5: ಪಕ್ಕದ ಅಡುಗೆ ಮೊದಲು

ಎಂಟಕ್ಕೆ ಊಟವೆಂದರೆ ಏಳಕ್ಕೆ ಆಲೂಗಡ್ಡೆ ಒಲೆಯ ಮೇಲೆ ಇರಬೇಕು. ಒಂದು ಕಿಲೋ ಹಳೆಯ ಆಲೂಗಡ್ಡೆ. ಸಿಪ್ಪೆ ಉಗುರಿಗೆ ಏಳುವ ಹೊಸದು ಅಂಟಂಟಾಗುತ್ತದೆ. ದೊಡ್ಡ ಹೋಳು ಮಾಡಿ, ತಣ್ಣೀರಿಗೇ ಹಾಕಿ, ಉಪ್ಪು ಸೇರಿಸಿ ಕುದಿಸಿ. ಸುಮಾರು 20 ನಿಮಿಷಕ್ಕೆ ಚಾಕು ಸಲೀಸಾಗಿ ಇಳಿಯುತ್ತದೆ. ಬಸಿದ ನೀರು ಒಂದು ಲೋಟ ಎತ್ತಿಡಿ, ಆಮೇಲೆ ಬೇಕಾಗುತ್ತದೆ. ಖಾಲಿ ಪಾತ್ರೆಗೆ ಹೋಳು ವಾಪಸ್ ಹಾಕಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಅಲ್ಲಾಡಿಸಿ ನೀರಾರಿಸಿ, 60 ಗ್ರಾಂ ಬೆಣ್ಣೆ ಹಾಕಿ ಮಸೆಯಿರಿ, ಮುಕ್ಕಾಲು ಲೋಟ ಬಿಸಿ ಹಾಲು ಸ್ವಲ್ಪಸ್ವಲ್ಪ ಸೇರಿಸಿ. ಪಾವ್‌ಭಾಜಿ ಮ್ಯಾಶರ್ ಇಲ್ಲದಿದ್ದರೆ ಮರದ ಕಡಗೋಲು. ಮಿಕ್ಸಿಗೆ ಹಾಕಿದಿರೋ, ಪಿಷ್ಟವೆಲ್ಲ ಒಡೆದು ಗೋಂದಾಗುತ್ತದೆ, ಪೋಸ್ಟರ್ ಅಂಟಿಸಬಹುದು. ಮುಚ್ಚಿ, ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿಡಿ.

ಕಾಲು ಕಿಲೋ ಬೀನ್ಸ್ ಕುದಿವ ಉಪ್ಪುನೀರಿನಲ್ಲಿ ನಾಲ್ಕು ನಿಮಿಷ, ತಣ್ಣೀರಿಗೆ, ಬಸಿದು ಇಡಿ. ಎರಡು ಈರುಳ್ಳಿ ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು, ಒಂದು ಚಮಚ ತೆಂಗಿನ ಶೇಂದಿಯ ವಿನೆಗರ್. ಸಂಜೆ ಹಾರ್ನ್ ಹೊಡೆಯುತ್ತಾ ಸೈಕಲ್ಲಿನಲ್ಲಿ ಬರುವ ಪೊದೇರನಿಂದ, ಅಂದರೆ ಬ್ರೆಡ್ ಮಾರುವವನಿಂದ, ಎಂಟು ಪೊಯ್ (ಗೋವಾದ ದುಂಡನೆ ಬ್ರೆಡ್) ತೆಗೆದುಕೊಂಡಿರಿ. ಮೆಣಸು ಜಜ್ಜಿ, ಬೆಳ್ಳುಳ್ಳಿ ಸುಲಿದು ಕೈಗೆ ಸಿಗುವಲ್ಲಿಡಿ.

ಇಷ್ಟೆಲ್ಲ ಆಗುವ ತನಕ ಹಂಚಿನ ಒಲೆ ಹಚ್ಚಬೇಡಿ.

ಹಂತ 6: ಹಂಚು ಕಾಯಿಸುವುದು

ಎಂಟಕ್ಕೆ ಇಪ್ಪತ್ತು ನಿಮಿಷ ಇರುವಾಗ ದೊಡ್ಡ ಒಲೆಯಲ್ಲಿ ಹಂಚು ಇಟ್ಟು ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ. ಬೀಡು ನಿಧಾನಕ್ಕೆ ಕಾಯುತ್ತದೆ. ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ನಡುವೆ ಕೆಂಡ, ಅಂಚು ತಣ್ಣಗೆ. ಹನಿ ನೀರು ಚಿಮುಕಿಸಿ ನೋಡಿ: ಚುಯ್ಯೆಂದು ಅಲ್ಲೇ ಆವಿಯಾದರೆ ಇನ್ನೂ ಕಾಯಬೇಕು, ಪಾದರಸದ ಗುಂಡಿನಂತೆ ಉರುಳಾಡಿದರೆ ಸಿದ್ಧ. ಒರೆಸಿ, ಒಂದು ಚಮಚ ರಿಫೈನ್ಡ್ ಶೇಂಗಾ ಎಣ್ಣೆ ಇಲ್ಲವೇ ತುಪ್ಪ ಸವರಿ. ಬೆಣ್ಣೆ ಈಗ ಬೇಡ, ಅದರಲ್ಲಿನ ಹಾಲಿನ ಅಂಶ ಕ್ಷಣದಲ್ಲಿ ಕರಿಯುತ್ತದೆ.

ತೆಳ್ಳಗೆ ಹೊಗೆ ಏಳುವುದು ಸರಿಯಾದ ಲಕ್ಷಣ. ದಟ್ಟ ಹೊಗೆ ಬಂದು ಕಣ್ಣುರಿದರೆ ಕಾವು ಮೀರಿದೆ, ಒಲೆ ಆರಿಸಿ ಎರಡು ನಿಮಿಷ ಕಾಯಿರಿ. ಎಣ್ಣೆಗೆ ಬೆಂಕಿ ಹತ್ತಿತೆಂದರೆ ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ. ನೀರು ಎರಚಬೇಡಿ, ಯಾವ ಕಾರಣಕ್ಕೂ. ಕಿಟಕಿ ಮೊದಲೇ ತೆರೆದಿರಲಿ.

ಹಂತ 7: ಹಂಚಿನ ಮೇಲಿನ ಏಳು ನಿಮಿಷ

ಒಂದು ಸಲಕ್ಕೆ ಎರಡೇ ತುಂಡು. ನಾಲ್ಕನ್ನೂ ಒತ್ತೊತ್ತಾಗಿ ಹಾಕಿದರೆ ಹಂಚಿನ ಕಾವು ಕುಸಿದು ನೀರು ಬಿಡುತ್ತದೆ. ಇಲ್ಲಿ ಕಿವಿಯೇ ಥರ್ಮಾಮೀಟರ್. ಮಾಂಸ ಬಿದ್ದ ಕೂಡಲೇ ಬರುವ ಚರ್ರೆನ್ನುವ ಸದ್ದು ಕೊನೆಯವರೆಗೂ ಹಾಗೇ ಇರಬೇಕು. ಅದು ಬುಳಬುಳ ಎನ್ನತೊಡಗಿದರೆ ಕುದಿಯಲು ಶುರುವಾಗಿದೆ ಎಂದು ಅರ್ಥ: ತುಂಡುಗಳನ್ನು ಜಾಲರಿಗೆ ತೆಗೆದು, ಹಂಚಿನ ನೀರು ಒರೆಸಿ, ಮತ್ತೆ ಕಾಯಿಸಿ, ಮಾಂಸ ಮತ್ತೆ ಒರೆಸಿ ಹಾಕಿ. ನಾಚಿಕೆ ಏನಿಲ್ಲ.

ಮೊದಲ ಬದಿ ಒಂದೂವರೆ ನಿಮಿಷ ಅಲುಗಾಡಿಸಬೇಡಿ. ಕಂದು ಪದರ ಕಟ್ಟಿದ ಮೇಲೆ ಅದು ತಾನೇ ಹಂಚು ಬಿಡುತ್ತದೆ. ಎಳೆದರೂ ಬಾರದಿದ್ದರೆ ಇನ್ನೂ ಕಟ್ಟಿಲ್ಲ. ತಿರುವಿ ಮತ್ತೊಂದು ಒಂದೂವರೆ ನಿಮಿಷ. ಅಲ್ಲಿಂದ ಮುಂದೆ ಉರಿ ಸ್ವಲ್ಪ ಇಳಿಸಿ ಪ್ರತಿ ಅರ್ಧ ನಿಮಿಷಕ್ಕೆ ತಿರುವುತ್ತಾ ಹೋಗಿ. ಒಂದೇ ಸಲ ತಿರುವಬೇಕು ಎನ್ನುವುದಕ್ಕೆ ಆಧಾರವಿಲ್ಲ, ಆಗಾಗ ತಿರುವಿದರೆ ಒಳಗೆ ಸಮವಾಗಿ ಬೇಯುತ್ತದೆ. ಇಕ್ಕಳದಲ್ಲಿ ನೆಟ್ಟಗೆ ಹಿಡಿದು ಅಂಚುಗಳಿಗೂ ಹಂಚಿನ ಕಾವು ತಾಗಿಸಿ.

ಒತ್ತಬೇಡಿ. ವಾಸ್ಕೋದ ಬಾಡಿಗೆ ಕೋಣೆಯಲ್ಲಿ ನಾವು ಮೊದಲ ಸಲ ಮಾಡಿದಾಗ ಒಲೆಯ ಮುಂದೆ ನಿಂತವನು ಗದಗಿನ ಗೆಳೆಯ. ರೊಟ್ಟಿ ಬಡಿದು ಬೆಳೆದ ಮನೆಯವನು. ಬಟ್ಟೆ ಮಡಚಿ ಸ್ಟೇಕಿನ ಅಂಚು ಸುತ್ತ, ಉಬ್ಬಿ ಬರಲಿ ಎಂಬಂತೆ, ಒತ್ತುತ್ತಾ ಹೋದ. ಪ್ರತಿ ಒತ್ತಿಗೂ ಕೆಂಪು ರಸ ಹಂಚಿಗೆ ಇಳಿದು ಸುಟ್ಟು ಕಪ್ಪು ಚಕ್ಕೆಯಾಗುತ್ತಿತ್ತು. "ಒಳಗ ಹಸಿ ಐತಿ ಕಾಣ್ತತಿ, ಇನ್ನೊಂದೀಟು ಬೇಯ್ಲಿ" ಎಂದ. ಆ ಇನ್ನೊಂದೀಟಿನಲ್ಲಿ ಮಾಂಸ ಕೈಯಷ್ಟಗಲ ಇದ್ದದ್ದು ಅಂಗೈ ನಡುವಿನಷ್ಟಾಯಿತು. ಅವತ್ತು ನಾವು ಪೊಯ್ ಜೊತೆ ಆಲೂಗಡ್ಡೆ ತಿಂದೆವು.

ಹಂತ 8: ಎಷ್ಟು ಬೇಯಬೇಕು

ಥರ್ಮಾಮೀಟರಿನ ಮೊನೆಯನ್ನು ಪಕ್ಕದಿಂದ ನಡುವಿಗೆ ಚುಚ್ಚಿ. 57ರಿಂದ 58 ಡಿಗ್ರಿಗೆ ಇಳಿಸಿದರೆ ತಟ್ಟೆಗೆ ಬರುವ ಹೊತ್ತಿಗೆ 61ರ ಹತ್ತಿರ ನಿಲ್ಲುತ್ತದೆ, ಒಳಗೆ ತೆಳು ಗುಲಾಬಿ. ಕೋಣದ ಅಂಡರ್‌ಕಟ್ಟಿಗೆ ನನ್ನ ಮತ ಇದಕ್ಕೇ. 52ಕ್ಕೆ ಇಳಿಸಿದರೆ ನಡು ಕೆಂಪಾಗಿ ಉಳಿಯುತ್ತದೆ, 70 ದಾಟಿದರೆ ತೊಗಲು.

ಕೆಂಪು ರಸ ಕಂಡು ರಕ್ತವೆಂದು ಹೇಸುವವರಿದ್ದಾರೆ. ಅದು ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಬೆರೆತ ನೀರು. ಹಾಗೆಂದು ಎಲ್ಲರಿಗೂ ಗುಲಾಬಿ ಕೊಡಬೇಡಿ. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರಿಗೆ 71 ಡಿಗ್ರಿ ಮುಟ್ಟಿಸಿಯೇ ಬಡಿಸಿ. ಇಡೀ ದಿನ ಹೊರಗೆ ತೂಗಿದ್ದ ಮಾಂಸವಾದರೆ, ಚುಚ್ಚಿ ಮೆತ್ತಗೆ ಮಾಡಿದ್ದಾದರೆ ಯಾರಿಗೂ ಅರೆಬೆಂದದ್ದು ಬೇಡ. ಚುಚ್ಚಿದಾಗ ಮೇಲಿನ ಕ್ರಿಮಿ ಒಳಗೆ ಹೋಗಿರುತ್ತದೆ.

ಪೂರ್ತಿ ಬೆಂದದ್ದೇ ಬೇಕು ಎನ್ನುವವರ ತುಂಡನ್ನು ಮೊದಲೇ ಒಂದೂವರೆ ಸೆಂಟಿಮೀಟರಿಗೆ ಕೊಯ್ದುಕೊಳ್ಳಿ. ದಪ್ಪ ತುಂಡನ್ನು ದೊಡ್ಡ ಉರಿಯಲ್ಲಿ ಒಳತನಕ ಬೇಯಿಸುವ ಹಟದಲ್ಲೇ ಅರ್ಧ ಸ್ಟೇಕುಗಳು ಸಾಯುವುದು.

ಹಂತ 9: ಮಾಂಸ ಜಾಲರಿಗೆ, ಬೆಣ್ಣೆ ಹಂಚಿಗೆ

ಇಳಿಸಿದ ಸ್ಟೇಕನ್ನು ಜಾಲರಿಯ ಮೇಲೆ ಐದಾರು ನಿಮಿಷ ಬಿಡಿ. ಮುಚ್ಚಿಟ್ಟರೆ ಮೇಲಿನ ಪದರ ಬೆವರಿ ಮೆತ್ತಗಾಗುತ್ತದೆ. ಬೇಗ ಕೊಯ್ದರೆ ರಸವೆಲ್ಲ ಮಣೆಗೆ ಹರಿಯುತ್ತದೆ. ಈ ಹೊತ್ತಿನಲ್ಲಿ ಹಂಚು ಒರೆಸಿ, ಮತ್ತೆ ಕಾಯಿಸಿ ಎರಡನೇ ಜೋಡಿ ಮುಗಿಸಿ.

ಎರಡೂ ಜೋಡಿ ಆದ ಮೇಲೆ ಹೆಚ್ಚಿನ ಎಣ್ಣೆ ಬಸಿದು, ಉರಿ ಸಣ್ಣದು ಮಾಡಿ ಒಂದು ದೊಡ್ಡ ಚಮಚ ಬೆಣ್ಣೆ, ನಾಲ್ಕೆಸಳು ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಒರಟು ಕರಿಮೆಣಸು. ಬೆಳ್ಳುಳ್ಳಿ ಬಣ್ಣ ತಿರುಗುವ ಮೊದಲೇ ಎತ್ತಿಟ್ಟ ಆಲೂಗಡ್ಡೆ ನೀರು ಅರ್ಧ ಲೋಟ ಸುರಿದು ಮರದ ಸೌಟಿನಿಂದ ತಳ ಕೆರೆಯಿರಿ. ಕಂದು ಚಕ್ಕೆಗಳೇ ರುಚಿ. ಕರಿ ಚಕ್ಕೆಗಳಾಗಿದ್ದರೆ ಈ ಸಾಸ್ ಬಿಟ್ಟುಬಿಡಿ, ಕಹಿ ಹೋಗುವುದಿಲ್ಲ. ಜಾಲರಿಯ ಕೆಳಗಿನ ತಟ್ಟೆಯಲ್ಲಿ ಸೇರಿದ ರಸವನ್ನೂ ಹಾಕಿ ಚಮಚದ ಬೆನ್ನಿಗೆ ಅಂಟುವಷ್ಟು ಕುದಿಸಿ. ನೀರಿನಲ್ಲೇ ಉಪ್ಪಿದೆ, ಮತ್ತೆ ಹಾಕಬೇಡಿ. ವಿನೆಗರ್ ಹುಳಿ ಬೇಕೆನಿಸಿದರೆ ತಟ್ಟೆಯಲ್ಲಿ ಸೇರಿಸಿ, ಹಂಚಿಗಲ್ಲ. ಹುಳಿಗೆ ಹಂಚಿನ ಹದ, ಅಂದರೆ ಎಣ್ಣೆ ಹಿಡಿದು ಕಟ್ಟಿದ ಪದರ, ಕಿತ್ತುಹೋಗುತ್ತದೆ.

ಪಕ್ಕದ ಒಲೆಯಲ್ಲಿ ಬೀನ್ಸನ್ನು ಬೆಣ್ಣೆ ಬೆಳ್ಳುಳ್ಳಿಯಲ್ಲಿ ಬಾಡಿಸಿ, ಒಂದು ನಿಮಿಷ.

ಹಂತ 10: ಕೊಯ್ದು ಬಡಿಸುವುದು

ಮಾಂಸದ ಎಳೆ ಯಾವ ಕಡೆ ಓಡಿದೆ ನೋಡಿ, ಅದಕ್ಕೆ ಅಡ್ಡಲಾಗಿ ಕೊಯ್ಯಿರಿ. ಕಬ್ಬಿನ ಸಿಬಿರು ಉದ್ದಕ್ಕೆ ಅಗಿದಂತೆ ಆಗಬಾರದಲ್ಲ. ಆಲೂಗಡ್ಡೆ ಕೆಳಗೆ, ಮಾಂಸ ಅದಕ್ಕೆ ಒರಗಿ, ಸಾಸ್ ಮೇಲೆ, ಈರುಳ್ಳಿ ಪಕ್ಕಕ್ಕೆ. ಪೊಯ್‌ಗಳನ್ನು ಬಿಸಿ ಹಂಚಿನಲ್ಲೇ ಒಮ್ಮೆ ಒರೆಸಿ ತೆಗೆದರೆ ತಳದ ಸಾಸ್ ಕೂಡ ಪೋಲಾಗುವುದಿಲ್ಲ.

ಆದರೂ ಕೆಟ್ಟರೆ

ಕೊಯ್ದಾಗ ಒಳಗೆ ತೀರ ಹಸಿ ಇದ್ದರೆ ಹೋಳುಗಳನ್ನು ಸಣ್ಣ ಉರಿಯ ಸಾಸಿನಲ್ಲಿ ಅರ್ಧ ನಿಮಿಷ ಹೊರಳಿಸಿ. ಮೇಲೆ ಕಪ್ಪು, ಒಳಗೆ ತಣ್ಣಗಿದ್ದರೆ ಹಂಚು ಅತಿ ಕಾದಿತ್ತು. ಕಪ್ಪು ಪದರ ಕೆರೆದು ಅದೇ ರೀತಿ ಮಾಡಿ. ಚಪ್ಪಲಿಯೇ ಆಗಿಹೋಗಿದ್ದರೆ ಮತ್ತೆ ಬೇಯಿಸಿ ಮೆತ್ತಗೆ ಮಾಡುವ ಆಸೆ ಬೇಡ. ಎಳೆಗೆ ಅಡ್ಡವಾಗಿ ಕಾಗದದಷ್ಟು ತೆಳ್ಳಗೆ ಹೆಚ್ಚಿ ಫ್ರಿಜ್ಜಿಗೆ ಹಾಕಿ, ಬೆಳಗ್ಗೆ ಪೊದೇರ ಬಂದಾಗ ಪೊಯ್ ಸೀಳಿ, ಉಳಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ ಜೊತೆ ತುಂಬಿ ಡಬ್ಬಿಗೆ ಕಟ್ಟಿಕೊಂಡು ಹೋಗಿ.